ಅಭಿಯೋಜಕರ ಮೇಲ್ವಿಚಾರಣೆ: ಎಲ್ಲಿಯವರೆಗೆ ಕೇಳಬಹುದು, ಎಲ್ಲಿಂದ ಮುಂದೆ ಕೈ ಹಾಕಬಾರದು

ಪ್ರಶ್ನೆ: ಜಿಲ್ಲಾ ಮಟ್ಟದ ಅಭಿಯೋಜನಾ ಕಚೇರಿಯೊಂದರಲ್ಲಿ ಹಿರಿಯ ಕಾನೂನು ಅಧಿಕಾರಿಯಾಗಿದ್ದೇನೆ. ಭ್ರಷ್ಟಾಚಾರ ಪ್ರಕರಣಗಳನ್ನು ನಡೆಸುವ ನಾಲ್ವರು ಅಭಿಯೋಜಕರ (ಪಬ್ಲಿಕ್ ಪ್ರಾಸಿಕ್ಯೂಟರ್‌ಗಳ) ಮೇಲ್ವಿಚಾರಣೆಯನ್ನು ಈ ವರ್ಷ ನನಗೆ ವಹಿಸಿದ್ದಾರೆ. ಅದಾದ ಮೇಲೆ ಮೂರು ಟ್ರ್ಯಾಪ್ ಪ್ರಕರಣಗಳು (ಲಂಚ ಪಡೆಯುವಾಗಲೇ ಬಲೆ ಬೀಸಿ ಹಿಡಿದವು) ಒಂದರ ಹಿಂದೊಂದು ಖುಲಾಸೆಯಾದವು; ಅವುಗಳಲ್ಲಿ ಒಂದರಲ್ಲಿ ದೂರುದಾರರೇ ತಿರುಗಿಬಿದ್ದರು. ಶಿಕ್ಷೆಯ ಪ್ರಮಾಣ (ಶಿಕ್ಷೆಯಲ್ಲಿ ಕೊನೆಗೊಳ್ಳುವ ಪ್ರಕರಣಗಳ ಪಾಲು) ಏಕೆ ಕಡಿಮೆಯಾಗಿದೆ ಎಂದು ವಿವರಣೆ ಕೇಳಿ ಮೇಲಿನಿಂದ ಪತ್ರ ಬಂದಿದೆ. ಒಬ್ಬ ಹಿರಿಯ ಅಭಿಯೋಜಕರನ್ನು ವಿಚಾರಿಸಿದಾಗ, 'ನಾನು ನ್ಯಾಯಾಲಯಕ್ಕೆ ಉತ್ತರ ಕೊಡುವವನು, ನಿಮಗಲ್ಲ' ಎಂದರು. ಇನ್ನೊಬ್ಬ ಕಿರಿಯರು ಪ್ರತಿಯೊಂದು ಅರ್ಜಿಗೂ ನನ್ನ ಒಪ್ಪಿಗೆ ಕೇಳುತ್ತಾರೆ. ಈ ನಡುವೆ ಎಂಜಿನಿಯರ್ ಒಬ್ಬರ ಮೇಲಿನ ಪ್ರಕರಣವನ್ನು ಹಿಂದಕ್ಕೆ ಪಡೆಯಲು ಸಾಧ್ಯವೇ ನೋಡಿ ಎಂದು ಮೇಲಧಿಕಾರಿಗಳು ಬಾಯಿಮಾತಿನಲ್ಲಿ ಹೇಳಿದ್ದಾರೆ. ನಾನು ಎಷ್ಟರ ಮಟ್ಟಿಗೆ ಮಧ್ಯೆ ಪ್ರವೇಶಿಸಬಹುದು? ಸುಮ್ಮನಿದ್ದರೆ ಕರ್ತವ್ಯಲೋಪ, ಕೈ ಹಾಕಿದರೆ ಹಸ್ತಕ್ಷೇಪ ಎನ್ನುವ ಸ್ಥಿತಿ ನನ್ನದು.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆತಂಕಗಳು ಒಂದಾಗಿ ಸೇರಿಕೊಂಡಿವೆ. ಅಭಿಯೋಜಕರ ಕೆಲಸದ ಗುಣಮಟ್ಟವನ್ನು ಕಾಯುವುದು ಹೇಗೆ ಎಂಬುದು ಒಂದು. ನಿಮ್ಮ ಕುರ್ಚಿಯ ಮೂಲಕ ಹಾದು ಅಭಿಯೋಜಕರನ್ನು ತಲುಪಲು ನೋಡುವ ಒತ್ತಡವನ್ನು ಏನು ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ನೀವು ಈಗ ಕೇಳುತ್ತಿರುವುದಕ್ಕಿಂತ ಹೆಚ್ಚು ಕೇಳಬೇಕು, ಎರಡನೆಯದರಲ್ಲಿ ನೀವು ಅಂಚೆಯವರಾಗಬಾರದು. ಅಭಿಯೋಜಕರಾಗಿಯೂ ಅವರ ಮೇಲ್ವಿಚಾರಕರಾಗಿಯೂ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಅಭಿಯೋಜಕರ ತೀರ್ಮಾನವನ್ನು ಮುಟ್ಟದೆಯೇ ಆ ತೀರ್ಮಾನಕ್ಕೆ ಕಾರಣ ಕೇಳುವುದು ಸಾಧ್ಯವಿದೆ, ಮತ್ತು ಅದೇ ನಿಮ್ಮ ಮುಖ್ಯ ಕೆಲಸ.

ನಿಮ್ಮ ಹಿರಿಯ ಸಹೋದ್ಯೋಗಿಯ ಮಾತು ಅರ್ಧ ಸತ್ಯ. ಅಭಿಯೋಜಕರು ಸರ್ಕಾರದ ಖಾಸಗಿ ವಕೀಲರಲ್ಲ. ನಿರಪರಾಧಿಗೆ ಶಿಕ್ಷೆಯಾಗುವಂತೆ ಅಭಿಯೋಜನೆ ನಡೆಸಬಾರದು, ಆರೋಪಿಯ ನಿರ್ದೋಷಿತ್ವವನ್ನು ತೋರಿಸಬಲ್ಲ ಸಾಮಗ್ರಿಯನ್ನು ಬಚ್ಚಿಡಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಹೇಳುತ್ತವೆ. ಆದರೆ ಈ ಸ್ವಾತಂತ್ರ್ಯ ಇರುವುದು ನಿರ್ಧಾರ ಮಾಡುವಾಗ. ಮಾಡಿದ ನಿರ್ಧಾರಕ್ಕೆ ಕಾರಣ ಹೇಳುವ ಹೊಣೆಯಿಂದ ಅದು ಯಾರನ್ನೂ ಬಿಡುಗಡೆ ಮಾಡುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 20ನೇ ಕಲಮು ಮೇಲ್ವಿಚಾರಣೆಯನ್ನು ಕಾನೂನಿನ ಭಾಗವಾಗಿಯೇ ಬರೆದಿದೆ. 10 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಪ್ರಕರಣಗಳ ಮೇಲೆ ನಿಗಾ ಇಟ್ಟು ಮೇಲ್ಮನವಿಯ ಬಗ್ಗೆ ಅಭಿಪ್ರಾಯ ಕೊಡುವುದು ಅಭಿಯೋಜನಾ ನಿರ್ದೇಶಕರ ಕೆಲಸ. 7 ವರ್ಷದಿಂದ 10 ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ ಪೊಲೀಸ್ ವರದಿಯನ್ನು ಪರಿಶೀಲಿಸಿ ನಿಗಾ ವಹಿಸುವುದು ಉಪ ನಿರ್ದೇಶಕರದು. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಪಡೆಯುವ 7ನೇ ಕಲಮಿಗೆ 3ರಿಂದ 7 ವರ್ಷ, ಆದಾಯ ಮೀರಿದ ಆಸ್ತಿಯನ್ನೂ ಒಳಗೊಂಡ 13ನೇ ಕಲಮಿಗೆ 4ರಿಂದ 10 ವರ್ಷ ಶಿಕ್ಷೆ ಇರುವುದರಿಂದ ನಿಮ್ಮ ಕಡತಗಳು ಈ ಎರಡು ಮಟ್ಟಗಳಲ್ಲೇ ಬರುತ್ತವೆ. ಲೋಕಾಯುಕ್ತ ಪ್ರಕರಣಗಳಿಗೆಂದು ಪ್ರತ್ಯೇಕ ಆದೇಶದಲ್ಲಿ ನೇಮಕಗೊಂಡ ವಿಶೇಷ ಅಭಿಯೋಜಕರು ನಿಮ್ಮಲ್ಲಿದ್ದರೆ, ಅವರು ಯಾರಿಗೆ ವರದಿ ಮಾಡಬೇಕೆಂದು ಆ ಆದೇಶದಲ್ಲಿ ಏನು ಬರೆದಿದೆಯೋ ಅದನ್ನು ಮೊದಲು ಓದಿಕೊಳ್ಳಿ. ಎಷ್ಟೋ ಜಗಳಗಳು ಆ ಒಂದು ಪುಟವನ್ನು ಯಾರೂ ಓದದೆ ಇರುವುದರಿಂದ ಹುಟ್ಟುತ್ತವೆ.

ಇದಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆಯೂ ಕಚೇರಿಗಳಲ್ಲಿ ಬೇರೂರಿದೆ: ತನಿಖೆ ಮಾಡಿದವರೇ ಅಭಿಯೋಜಕರನ್ನು ನಡೆಸಬೇಕು ಎಂಬುದು. ಅಭಿಯೋಜಕರನ್ನು ಪೊಲೀಸ್ ಇಲಾಖೆಯ ಹಿಡಿತದಿಂದ ಬೇರ್ಪಡಿಸಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಹೇಳಿತು. 2000ದಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಅದರ ಮತ್ತೊಂದು ಮುಖವನ್ನೂ ಹೇಳಿತು: ದೋಷಾರೋಪ ಪಟ್ಟಿ ಸಲ್ಲಿಸುವ ತೀರ್ಮಾನ ತನಿಖಾಧಿಕಾರಿಯದು, ಅಭಿಯೋಜಕರ ಅಭಿಪ್ರಾಯ ಪಡೆದೇ ಸಲ್ಲಿಸಬೇಕೆಂದು ಅವರನ್ನು ಕಟ್ಟಿಹಾಕುವಂತಿಲ್ಲ. ಆದ್ದರಿಂದ ನಿಮ್ಮ ಅಭಿಯೋಜಕರು ಕಡತದ ಲೋಪವನ್ನು ತನಿಖಾಧಿಕಾರಿಗೆ ತೋರಿಸಬಹುದು, ತೋರಿಸಲೇಬೇಕು. ತನಿಖೆಯ ಚುಕ್ಕಾಣಿ ಹಿಡಿಯಬಾರದು.

ಸ್ವಾತಂತ್ರ್ಯ ಮತ್ತು ನಿಗಾ ಎರಡೂ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯವೇ ಹೊಣೆ ಹೊತ್ತ ಒಂದು ಪ್ರಕರಣವಿದೆ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜೆ. ಜಯಲಲಿತಾ ಅವರ ಮೇಲಿನ ಆದಾಯ ಮೀರಿದ ಆಸ್ತಿ ಪ್ರಕರಣ ಚೆನ್ನೈನಲ್ಲಿ ನಡೆಯುತ್ತಿತ್ತು. 2001ರಲ್ಲಿ ಅವರ ಪಕ್ಷ ಮತ್ತೆ ಅಧಿಕಾರಕ್ಕೆ ಬಂದ ಮೇಲೆ 76 ಅಭಿಯೋಜನಾ ಸಾಕ್ಷಿಗಳನ್ನು ಮರಳಿ ಕರೆಸಲಾಯಿತು. ಅವರಲ್ಲಿ 64 ಮಂದಿ ತಮ್ಮ ಮೊದಲಿನ ಹೇಳಿಕೆಯಿಂದ ಹಿಂದೆ ಸರಿದರು. ಅಭಿಯೋಜಕರು ಅವರನ್ನು ಪ್ರತಿಕೂಲ ಸಾಕ್ಷಿಗಳೆಂದು ಪರಿಗಣಿಸುವಂತೆ ಕೋರಲಿಲ್ಲ, ಪಾಟೀ ಸವಾಲಿಗೆ ಅನುಮತಿ ಕೇಳಲಿಲ್ಲ. 2003ರ ನವೆಂಬರ್ 18ರಂದು ಸುಪ್ರೀಂ ಕೋರ್ಟ್ ಪ್ರಕರಣವನ್ನು ಕರ್ನಾಟಕಕ್ಕೆ ವರ್ಗಾಯಿಸುವಾಗ ಈ ಮೌನವನ್ನೇ ಎತ್ತಿ ಹೇಳಿತು. ಒಬ್ಬ ಸಾಕ್ಷಿ ತಿರುಗಿಬಿದ್ದಾಗ ಅಭಿಯೋಜಕರು ಎದ್ದು ನಿಲ್ಲದಿರುವುದಕ್ಕೆ ಕಾರಣ ಇರಬಹುದು. ಅರವತ್ತನಾಲ್ಕು ಸಲ ಎದ್ದು ನಿಲ್ಲದಿರುವುದನ್ನು ಮೇಲಿದ್ದವರು ಯಾರೂ ಪ್ರಶ್ನಿಸಲಿಲ್ಲ ಎಂದರೆ ಅಲ್ಲಿ ಮೇಲ್ವಿಚಾರಣೆ ಎಂಬುದೇ ಇರಲಿಲ್ಲ, ಅಥವಾ ಇದ್ದದ್ದು ತಪ್ಪು ದಿಕ್ಕಿನಲ್ಲಿತ್ತು.

ಬೆಂಗಳೂರಿಗೆ ಬಂದ ಮೇಲಿನ ಕಥೆಯೂ ನಿಮಗೆ ಅಷ್ಟೇ ಮುಖ್ಯ. 2013ರ ಆಗಸ್ಟ್‌ನಲ್ಲಿ, ವಿಚಾರಣೆ ಕೊನೆಯ ಹಂತದಲ್ಲಿದ್ದಾಗ, ವಿಶೇಷ ಅಭಿಯೋಜಕ ಭವಾನಿ ಸಿಂಗ್ ಅವರ ನೇಮಕವನ್ನು ಕರ್ನಾಟಕ ಸರ್ಕಾರ ಹಿಂದಕ್ಕೆ ಪಡೆಯಿತು. ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿ'ಕುನ್ಹಾ ಶಿಕ್ಷೆ ವಿಧಿಸಿದರು. ಹೈಕೋರ್ಟಿನ ಮೇಲ್ಮನವಿಯಲ್ಲಿ ಅದೇ ಅಭಿಯೋಜಕರು ತಮಿಳುನಾಡಿನ ನೇಮಕದ ಮೇಲೆ ಹಾಜರಾದರು. ಅಭಿಯೋಜನೆ ನಡೆಸುವ ಅಧಿಕಾರ ಕರ್ನಾಟಕಕ್ಕೆ ಮಾತ್ರ ಇದೆ, ಆ ನೇಮಕ ಕಾನೂನುಬದ್ಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2015ರ ಏಪ್ರಿಲ್ 27ರಂದು, ಅಂದರೆ ವಾದಗಳೆಲ್ಲ ಮುಗಿದ ಮೇಲೆ. ಆಗ ನೇಮಕಗೊಂಡ ಬಿ.ವಿ. ಆಚಾರ್ಯ ಅವರಿಗೆ ಉಳಿದಿದ್ದು ಒಂದೇ ದಿನದಲ್ಲಿ ಲಿಖಿತ ವಾದ ಸಲ್ಲಿಸುವ ಅವಕಾಶ. ಮೇ 11ರಂದು ಹೈಕೋರ್ಟ್ ಖುಲಾಸೆಗೊಳಿಸಿತು. ಆ ತೀರ್ಪಿನಲ್ಲಿ ಹತ್ತು ಸಾಲಗಳ ಮೊತ್ತ ಸುಮಾರು 10.67 ಕೋಟಿ ರೂಪಾಯಿ ಆಗಬೇಕಾದಲ್ಲಿ 24.17 ಕೋಟಿ ಎಂದು ಕೂಡಿಸಲಾಗಿತ್ತು. ಆ ಲೆಕ್ಕದಿಂದಲೇ ಆದಾಯ ಮೀರಿದ ಆಸ್ತಿ ಕೇವಲ ಶೇ 8.12ಕ್ಕೆ ಇಳಿದು, ಹಿಂದಿನ ತೀರ್ಪೊಂದು ವಿನಾಯಿತಿ ಕೊಟ್ಟಿದ್ದ ಶೇ 10ರ ಒಳಗೆ ಬಂದಿತ್ತು. ವಿಶೇಷ ಅಭಿಯೋಜಕರ ಮತ್ತು ಅಡ್ವೊಕೇಟ್ ಜನರಲ್ ಅವರ ಸಲಹೆ ಪಡೆದು ಕರ್ನಾಟಕ ಮೇಲ್ಮನವಿ ಸಲ್ಲಿಸಿತು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ವಿಚಾರಣಾ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಆ ಹೊತ್ತಿಗೆ ಜಯಲಲಿತಾ ತೀರಿಕೊಂಡಿದ್ದರಿಂದ ಅವರ ಮಟ್ಟಿಗೆ ಮೇಲ್ಮನವಿ ಕೊನೆಗೊಂಡಿತ್ತು, ಶಿಕ್ಷೆ ಉಳಿದ ಮೂವರಿಗೆ ಅನ್ವಯಿಸಿತು. ಹೈಕೋರ್ಟಿನಲ್ಲಿ ಅಧಿಕೃತ ಅಭಿಯೋಜಕರು ಮೊದಲಿನಿಂದ ನಿಂತು ಆಸ್ತಿ, ಆದಾಯ, ಸಾಲಗಳ ಕೋಷ್ಟಕವನ್ನು ನ್ಯಾಯಪೀಠದ ಮುಂದೆ ಸಾಲು ಸಾಲಾಗಿ ಓದಿದ್ದರೆ ಆ ಕೂಡಿಕೆ ಹಾಗೆಯೇ ಉಳಿಯುತ್ತಿತ್ತೇ ಎಂಬ ಪ್ರಶ್ನೆ ನನ್ನನ್ನು ಇವತ್ತಿಗೂ ಕಾಡುತ್ತದೆ.

ಈಗ ನಿಮ್ಮ ಮೂರು ಖುಲಾಸೆಗಳಿಗೆ ಬರೋಣ. ಶಿಕ್ಷೆಯ ಪ್ರಮಾಣ ಕಡಿಮೆಯಾದರೆ ಅಭಿಯೋಜಕರು ಅಸಮರ್ಥರು ಎಂಬ ತೀರ್ಮಾನ ಸುಲಭ, ಆದರೆ ಅದು ಆಧಾರವಿಲ್ಲದ್ದು. ಟ್ರ್ಯಾಪ್ ಪ್ರಕರಣ ಸೋಲುವ ಜಾಗಗಳು ಬಹುಪಾಲು ಗೊತ್ತಿರುವಂಥವೇ. ಹಣ ಸಿಕ್ಕಿತು, ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಬೆರಳು ಅದ್ದಿದಾಗ ನೋಟಿಗೆ ಹಚ್ಚಿದ್ದ ಫಿನಾಫ್ಥಲೀನ್ ಪುಡಿಯಿಂದ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು ಎಂದ ಮಾತ್ರಕ್ಕೆ ಅಪರಾಧ ಸಾಬೀತಾಗುವುದಿಲ್ಲ. ಹಣವನ್ನು ಕೇಳಿದ್ದರು ಮತ್ತು ಲಂಚವೆಂದು ತಿಳಿದೇ ಪಡೆದರು ಎಂಬುದು ಬೇಕು. ಕಡತ ತೆರೆದು ನೆರಳು ಸಾಕ್ಷಿಯ (ದೂರುದಾರರ ಜೊತೆಗಿದ್ದು ನಡೆದದ್ದನ್ನು ನೋಡಿ ಕೇಳುವವರ) ಹೇಳಿಕೆಯನ್ನೊಮ್ಮೆ ಓದಿ ನೋಡಿ. 'ತಂದಿದ್ದೀರಾ?' ಎಂದು ಅಧಿಕಾರಿ ಕೇಳಿದರು, ದೂರುದಾರರು ಹಣ ಕೊಟ್ಟರು ಎಂದಷ್ಟೇ ಇರುತ್ತದೆ. ಏನನ್ನು ತಂದಿದ್ದೀರಾ? ಬಾಕಿ ಶುಲ್ಕವನ್ನೇ, ಅರ್ಜಿಯ ಜೊತೆಗಿನ ದಾಖಲೆಯನ್ನೇ, ಲಂಚವನ್ನೇ? ಆರೋಪಿಯ ಪರ ವಕೀಲರು ಇಡೀ ಪ್ರಕರಣವನ್ನು ಆ ಒಂದು ಪದದ ಮೇಲೆ ಕಟ್ಟುತ್ತಾರೆ. ಅದರ ಹಿಂದಿನ ದಿನದ ಫೋನ್ ಸಂಭಾಷಣೆ, ಕಡತ ಆ ಅಧಿಕಾರಿಯ ಮೇಜಿನ ಮೇಲೆ ಬಾಕಿ ಇದ್ದ ದಾಖಲೆ, ಧ್ವನಿಮುದ್ರಣ ಮತ್ತು ಅದಕ್ಕೆ ಬೇಕಾದ ಪ್ರಮಾಣಪತ್ರ ಇವುಗಳನ್ನು ಅಭಿಯೋಜಕರು ಮುಖ್ಯ ವಿಚಾರಣೆಯಲ್ಲಿ (ತಮ್ಮ ಸಾಕ್ಷಿಯನ್ನು ತಾವೇ ಮೊದಲು ಪ್ರಶ್ನಿಸುವ ಹಂತದಲ್ಲಿ) ಒಂದಕ್ಕೊಂದು ಜೋಡಿಸಿದ್ದಾರೆಯೇ ಎಂಬುದನ್ನು ನೀವು ನೋಡಬೇಕು.

ದೂರುದಾರರು ತಿರುಗಿಬಿದ್ದರೆ ಪ್ರಕರಣ ಮುಗಿಯಿತು ಎಂದು ಕೆಲವು ಅಭಿಯೋಜಕರು ಈಗಲೂ ಕೈಚೆಲ್ಲುತ್ತಾರೆ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ವಿಷಯವನ್ನು ಇತ್ಯರ್ಥಪಡಿಸಿದೆ: ದೂರುದಾರರು ಸತ್ತರೂ, ಸಿಗದಿದ್ದರೂ, ಪ್ರತಿಕೂಲವಾದರೂ, ಬೇಡಿಕೆ ಮತ್ತು ಸ್ವೀಕಾರವನ್ನು ಬೇರೆ ಸಾಕ್ಷಿಗಳಿಂದ ಅಥವಾ ಸಾಂದರ್ಭಿಕ ಸಾಕ್ಷ್ಯದಿಂದ ಸಾಬೀತುಪಡಿಸಬಹುದು. ಆದರೆ ಬೇಡಿಕೆ ಸಾಬೀತಾಗಲೇಬೇಕು ಎಂಬ ನಿಯಮವನ್ನು ಆ ತೀರ್ಪು ಸಡಿಲಿಸಿಲ್ಲ. ಆದ್ದರಿಂದ ಆ ಪ್ರಕರಣದಲ್ಲಿ ನೀವು ಕೇಳಬೇಕಾದದ್ದು ಇಷ್ಟು: ದೂರುದಾರರ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಲಾಗಿತ್ತೇ, ಅವರು ತಿರುಗಿಬಿದ್ದ ದಿನ ಅಭಿಯೋಜಕರು ಪಾಟೀ ಸವಾಲು ಮಾಡಿದರೇ, ಪಂಚರನ್ನು ಮತ್ತು ನೆರಳು ಸಾಕ್ಷಿಯನ್ನು ಆ ಬಳಿಕ ಬೇರೆ ಸಿದ್ಧತೆಯೊಂದಿಗೆ ವಿಚಾರಿಸಿದರೇ, ಮುಖ್ಯ ವಿಚಾರಣೆಗೂ ಪಾಟೀ ಸವಾಲಿಗೂ ನಡುವೆ ಎಷ್ಟು ಕಾಲ ಹೋಯಿತು. ಪಂಜಾಬಿನ ಟ್ರ್ಯಾಪ್ ಪ್ರಕರಣವೊಂದರಲ್ಲಿ ಇವೆರಡರ ನಡುವೆ ಸುಮಾರು 20 ತಿಂಗಳು ಕಳೆದು ಸಾಕ್ಷಿ ತಿರುಗಿಬಿದ್ದದ್ದನ್ನು ಕಂಡು 2015ರಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಬರೆಯಿತು. ವಾಯಿದೆ ಕೇಳಿದವರು ಯಾರು, ಅಭಿಯೋಜಕರು ಅದನ್ನು ವಿರೋಧಿಸಿದರೇ ಎಂಬುದು ನ್ಯಾಯಾಲಯದ ದಿನಚರಿಯಲ್ಲಿ ಇರುತ್ತದೆ. ನಿಮ್ಮ ಮಾಸಿಕ ಪರಿಶೀಲನೆಯಲ್ಲಿ ಶಿಕ್ಷೆಯ ಪ್ರಮಾಣಕ್ಕಿಂತ ಮೊದಲು ಇದಕ್ಕೆ ಒಂದು ಅಂಕಣ ಇರಲಿ.

ಸರ್ಕಾರಿ ನೌಕರರ ಮೇಲೆ ಪ್ರಕರಣ ನಡೆಸಲು ಬೇಕಾದ ಸಕ್ಷಮ ಪ್ರಾಧಿಕಾರದ ಮಂಜೂರಾತಿ ಇನ್ನೊಂದು ಬಲಹೀನ ಜಾಗ. ಕರ್ನಾಟಕದ ಗ್ರಾಮ ಪಂಚಾಯಿತಿಯ ಬಿಲ್ ಕಲೆಕ್ಟರ್ ಒಬ್ಬರ 500 ರೂಪಾಯಿ ಲಂಚದ ಪ್ರಕರಣದಲ್ಲಿ, ಮಂಜೂರಾತಿ ಕೊಟ್ಟವರಿಗೆ ಆ ಅಧಿಕಾರವೇ ಇರಲಿಲ್ಲವೆಂಬ ಕಾರಣಕ್ಕೆ ಹೈಕೋರ್ಟ್ ಕೊಟ್ಟ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ತಳ್ಳಿಹಾಕಿತು. ನೇಮಕಾತಿ ಪ್ರಾಧಿಕಾರ ಯಾರು, ತೆಗೆದುಹಾಕುವ ಅಧಿಕಾರ ಯಾರಿಗಿದೆ ಎಂದು ದೋಷಾರೋಪ ಪಟ್ಟಿ ಬಂದ ವಾರದಲ್ಲೇ ಪರಿಶೀಲಿಸಿದ್ದರೆ ತಪ್ಪುತ್ತಿದ್ದ ಸೋಲು ಅದು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರಾಜ್ಯದ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದುಪಡಿಸಿದ ಮೇಲೆ ಲೋಕಾಯುಕ್ತ ಪೊಲೀಸರಿಗೆ ವರ್ಗವಾದ ಕಡತಗಳು ನಿಮ್ಮಲ್ಲಿದ್ದರೆ ಅವುಗಳಲ್ಲಿ ಮಂಜೂರಾತಿ ಆದೇಶ, ಪ್ರಯೋಗಾಲಯದ ವರದಿ, ಮುದ್ದೆಮಾಲುಗಳ ಪಟ್ಟಿ ಪೂರ್ತಿ ಇವೆಯೇ ಎಂದು ಬೇರೆಯಾಗಿಯೇ ನೋಡಿ. ಕೈ ಬದಲಾದ ಕಡತದಲ್ಲಿ ಕಾಗದ ಕಳೆಯುವುದು ಹೊಸತಲ್ಲ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು ಯಾವುವು? ಅಭಿಯೋಜಕರನ್ನು ಬದಲಿಸುವುದು ಮೊದಲು ಹೊಳೆಯುವ ದಾರಿ, ಮತ್ತು ನನ್ನ ದೃಷ್ಟಿಯಲ್ಲಿ ಕೊನೆಗೆ ಹಿಡಿಯಬೇಕಾದದ್ದು. ಹೊಸಬರು ಕಡತವನ್ನು ಮೊದಲಿನಿಂದ ಓದಬೇಕು, ಸಾಕ್ಷಿಯನ್ನು ನೋಡಿದ ಕಣ್ಣು ಬೇರೆ, ವಾದಿಸುವ ಬಾಯಿ ಬೇರೆ ಆಗುತ್ತದೆ. ವಿಚಾರಣೆಯ ನಡುವೆ ಬದಲಿಸಿದರೆ ಅದಕ್ಕೆ ದುರುದ್ದೇಶದ ಬಣ್ಣ ಬರುವುದನ್ನು 2013ರಲ್ಲಿ ನಮ್ಮ ಸರ್ಕಾರವೇ ಅನುಭವಿಸಿದೆ. ಬದಲಿಸಲೇಬೇಕಾದ ಸಂದರ್ಭವಿದ್ದರೆ ದಿನಾಂಕ ಸಹಿತ ಲೋಪಗಳ ಟಿಪ್ಪಣಿ ಇರಲಿ, ಅಭಿಯೋಜಕರಿಗೆ ಉತ್ತರಿಸುವ ಅವಕಾಶ ಕೊಟ್ಟಿರಿ.

ನಾನು ಹೆಚ್ಚು ನಂಬುವುದು ಹಂತ ಹಂತದ ಲಿಖಿತ ಪರಿಶೀಲನೆಯನ್ನು. ಆರೋಪ ರೂಪಿಸುವ ಮೊದಲು, ದೂರುದಾರರ ಸಾಕ್ಷ್ಯದ ಮೊದಲು ಮತ್ತು ಅಂತಿಮ ವಾದದ ಮೊದಲು, ಅಭಿಯೋಜಕರು ಎರಡು ಪುಟ ಬರೆದು ಕೊಡಲಿ: ಏನನ್ನು ಸಾಬೀತುಪಡಿಸಬೇಕು, ಯಾವ ಸಾಕ್ಷಿಯಿಂದ, ಯಾವ ದಾಖಲೆಯಿಂದ, ಪ್ರಕರಣದ ಬಲಹೀನ ಜಾಗ ಯಾವುದು, ಆರೋಪಿಗೆ ಅನುಕೂಲವಾದ ಸಾಮಗ್ರಿ ಏನಿದೆ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಅದನ್ನು ಪ್ರಾಮಾಣಿಕವಾಗಿ ಬರೆಯುವ ಅಭಿಯೋಜಕರ ಕೈಯಲ್ಲಿ ಪ್ರಕರಣ ಸುರಕ್ಷಿತವಾಗಿರುತ್ತದೆ. ನೀವು ಅದರ ಮೇಲೆ ಪ್ರಶ್ನೆಗಳನ್ನು ಬರೆಯಿರಿ, ಆಜ್ಞೆಗಳನ್ನಲ್ಲ. ಇದರಲ್ಲೂ ಅಪಾಯವಿದೆ: ಟಿಪ್ಪಣಿ ಕಾಟಾಚಾರಕ್ಕೆ ಇಳಿಯಬಹುದು, ಅಥವಾ ನಿಮ್ಮ ಕಿರಿಯ ಸಹೋದ್ಯೋಗಿಯಂತಹವರು ತಮ್ಮ ಹೊಣೆಯನ್ನು ಪೂರ್ತಿ ನಿಮ್ಮ ಹೆಗಲಿಗೆ ದಾಟಿಸಬಹುದು. ಅವರು ಒಪ್ಪಿಗೆ ಕೇಳಿ ಬಂದಾಗ, 'ನೀವು ಏನು ಮಾಡಬೇಕೆಂದಿದ್ದೀರಿ, ಏಕೆ?' ಎಂದು ಮೊದಲು ಅವರಿಂದಲೇ ಬರೆಸಿ. ಅವರ ಕಾರಣ ಸರಿಯಿದ್ದರೆ, ನಿಮ್ಮ ಅಭಿಪ್ರಾಯ ಬೇರೆಯಾಗಿದ್ದರೂ, ಅವರ ತೀರ್ಮಾನ ನಡೆಯಲಿ. ಇದಕ್ಕೆ ತಾಳ್ಮೆ ಬೇಕು, ಆರಂಭದಲ್ಲಿ ಕೆಲಸ ನಿಧಾನವೂ ಆಗುತ್ತದೆ.

ಖುಲಾಸೆಯಾದ ಮೇಲಿನ ಪರಿಶೀಲನೆ ನಿಮ್ಮ ಇಷ್ಟಕ್ಕೆ ಬಿಟ್ಟ ಸಂಗತಿಯಲ್ಲ. ಸುಪ್ರೀಂ ಕೋರ್ಟಿನ 1997ರ ವಿನೀತ್ ನಾರಾಯಣ್ ತೀರ್ಪು ಸಿಬಿಐ ಪ್ರಕರಣಗಳ ಬಗ್ಗೆ ಹೇಳುವಾಗಲೇ, ಖುಲಾಸೆಯಾದ ಪ್ರತಿಯೊಂದು ಪ್ರಕರಣವನ್ನು ಸಮರ್ಥ ವಕೀಲರೊಬ್ಬರು ಪರಿಶೀಲಿಸಿ ಕರ್ತವ್ಯಲೋಪವಿದ್ದರೆ ಹೊಣೆ ನಿಗದಿಪಡಿಸಬೇಕೆಂದಿತ್ತು. 2014ರ ಜನವರಿಯಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ಮತ್ತು ಅಭಿಯೋಜನಾ ಇಲಾಖೆಗಳ ಹಿರಿಯ ಅಧಿಕಾರಿಗಳ ಸಮಿತಿಯನ್ನು ಎಲ್ಲ ರಾಜ್ಯಗಳೂ ರಚಿಸಬೇಕೆಂದು ಆದೇಶಿಸಿತು. ಪರಿಶೀಲನೆ ಕೇವಲ ತಪ್ಪಿತಸ್ಥರನ್ನು ಹುಡುಕುವ ಕೆಲಸವಾದರೆ ಕಷ್ಟದ ಪ್ರಕರಣಗಳನ್ನು ಯಾರೂ ಮುಟ್ಟಲು ಒಪ್ಪುವುದಿಲ್ಲ. ಶಿಕ್ಷೆಯ ಪ್ರಮಾಣವನ್ನೇ ಅಳತೆಗೋಲು ಮಾಡಿದರಂತೂ ಸಣ್ಣ ಮೊತ್ತದ ಸುಲಭದ ಪ್ರಕರಣಗಳು ಮುಂದೆ ಓಡುತ್ತವೆ, ನೂರಾರು ದಾಖಲೆಗಳ ಆಸ್ತಿ ಪ್ರಕರಣಗಳು ಕಪಾಟಿನಲ್ಲಿ ಉಳಿಯುತ್ತವೆ. ಮೇಲಿನ ಪತ್ರಕ್ಕೆ ಉತ್ತರಿಸುವಾಗ ಪ್ರಮಾಣದ ಬಗ್ಗೆ ಸಮಜಾಯಿಷಿ ಬರೆಯಬೇಡಿ. ಪ್ರತಿ ಖುಲಾಸೆಗೂ ಕಾರಣ ತನಿಖೆಯಲ್ಲಿತ್ತೇ, ಮಂಜೂರಾತಿಯಲ್ಲಿತ್ತೇ, ಸಾಕ್ಷ್ಯ ಮಂಡನೆಯಲ್ಲಿತ್ತೇ, ಅಥವಾ ಸಾಕ್ಷ್ಯವೇ ಸಾಲದಾಗಿತ್ತೇ ಎಂದು ಬಿಡಿಸಿ ಬರೆಯಿರಿ. ಸಾಕ್ಷ್ಯ ಸಾಲದ ಪ್ರಕರಣದಲ್ಲಿ ಖುಲಾಸೆ ಆಗಲೇಬೇಕಿತ್ತು ಎಂದು ಬರೆಯಲು ಹಿಂಜರಿಯಬೇಡಿ.

ಎಂಜಿನಿಯರ್ ಪ್ರಕರಣದ ಬಾಯಿಮಾತು ಅತ್ಯಂತ ಗಂಭೀರವಾದದ್ದು. ಪ್ರಕರಣ ಹಿಂದಕ್ಕೆ ಪಡೆಯುವ ಅರ್ಜಿ ಸಲ್ಲಿಸುವ ಅಧಿಕಾರ ಸುರಕ್ಷಾ ಸಂಹಿತೆಯ 360ನೇ ಕಲಮಿನಲ್ಲಿ (ಹಿಂದಿನ ಸಂಹಿತೆಯಲ್ಲಿ 321) ಆ ಪ್ರಕರಣವನ್ನು ನಡೆಸುತ್ತಿರುವ ಅಭಿಯೋಜಕರಿಗೆ ಮಾತ್ರ ಇದೆ, ಅದೂ ನ್ಯಾಯಾಲಯದ ಸಮ್ಮತಿಯೊಂದಿಗೆ. ಸರ್ಕಾರ ಸಲಹೆ ಕೊಡಬಹುದು. ಅಭಿಯೋಜಕರು ಸ್ವಂತ ವಿವೇಚನೆಯಿಂದ, ಸಾರ್ವಜನಿಕ ನ್ಯಾಯದ ಹಿತದಲ್ಲಿ ತೀರ್ಮಾನಿಸಬೇಕು. ಕೇರಳ ವಿಧಾನಸಭೆಯ ಗಲಾಟೆಯ ಪ್ರಕರಣವನ್ನು ಹಿಂದಕ್ಕೆ ಪಡೆಯುವ ಪ್ರಯತ್ನವನ್ನು 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ, ಹಾಲಿ ಮತ್ತು ಮಾಜಿ ಸಂಸದರು, ಶಾಸಕರ ಮೇಲಿನ ಪ್ರಕರಣಗಳನ್ನು ಹೈಕೋರ್ಟಿನ ಅನುಮತಿಯಿಲ್ಲದೆ ಹಿಂದಕ್ಕೆ ಪಡೆಯುವಂತಿಲ್ಲ ಎಂದೂ ಹೇಳಿತು.

ನೀವು ಮಾಡಬೇಕಾದದ್ದು: ಆ ಮಾತು ಯಾವಾಗ, ಯಾರಿಂದ, ಯಾವ ಪದಗಳಲ್ಲಿ ಬಂತು ಎಂದು ಕಡತದಲ್ಲಿ ಟಿಪ್ಪಣಿ ಬರೆದು ಸಹಿ ಮಾಡಿ. ಸಲಹೆಯಿದ್ದರೆ ಕಾರಣ ಮತ್ತು ಆಧಾರಗಳ ಸಹಿತ ಲಿಖಿತದಲ್ಲಿ ಕಳುಹಿಸುವಂತೆ ವಿನಯದಿಂದ ಪತ್ರ ಬರೆಯಿರಿ. ಲಿಖಿತವಾಗಿ ಬಂದರೆ ಅದನ್ನು ನಿಮ್ಮ ಶಿಫಾರಸು ಸೇರಿಸದೆ ಅಭಿಯೋಜಕರಿಗೆ ಕಳುಹಿಸಿ, ತೀರ್ಮಾನ ಅವರದೇ ಎಂದು ಆ ಪತ್ರದಲ್ಲೇ ಬರೆಯಿರಿ. ಬರದಿದ್ದರೆ ಅಭಿಯೋಜಕರ ಕಿವಿಗೆ ಆ ಮಾತು ಬೀಳುವ ಅಗತ್ಯವೇ ಇಲ್ಲ. 'ಸ್ವಲ್ಪ ನೋಡಿ' ಎಂದು ನೀವು ಸಹಜವಾಗಿ ಹೇಳಿದರೂ ಕೆಳಗಿನವರಿಗೆ ಅದು ಆದೇಶವಾಗಿಯೇ ಕೇಳಿಸುತ್ತದೆ. ಇದರಿಂದ ನಿಮಗೆ ವರ್ಗಾವಣೆ ಆಗಬಹುದು, ಅದನ್ನು ಮುಚ್ಚಿಟ್ಟು ಸಲಹೆ ಕೊಡಲಾರೆ. ಆದರೆ ಆ ಟಿಪ್ಪಣಿಯಿಲ್ಲದೆ ಅರ್ಜಿ ಸಲ್ಲಿಕೆಯಾದರೆ, ಮುಂದೊಂದು ದಿನ ಉತ್ತರ ಹೇಳಬೇಕಾದ ಹೆಸರು ನಿಮ್ಮದೇ ಆಗಿರುತ್ತದೆ.

ಕೊನೆಯದಾಗಿ, ದೂರುದಾರರು ತಿರುಗಿಬಿದ್ದ ಪ್ರಕರಣದ ತೀರ್ಪಿನ ದಿನಾಂಕ ನಿಮ್ಮ ಪತ್ರದಲ್ಲಿಲ್ಲ. ಖುಲಾಸೆಯ ವಿರುದ್ಧ ರಾಜ್ಯದ ಮೇಲ್ಮನವಿಗೆ 90 ದಿನಗಳ ಅವಧಿ ಇದೆ. ದೃಢೀಕೃತ ಪ್ರತಿ ಪಡೆಯಲು ಹಿಡಿದ ಸಮಯವನ್ನು ಆ 90 ದಿನಗಳ ಲೆಕ್ಕಕ್ಕೆ ಸೇರಿಸುವುದಿಲ್ಲ, ಆದರೆ ಪ್ರತಿಗೆ ಅರ್ಜಿ ಹಾಕಿದ್ದರೆ ಮಾತ್ರ. ಇನ್ನೂ ಹಾಕಿಲ್ಲದಿದ್ದರೆ ನಾಳೆಯೇ ಹಾಕಿಸಿ. ಮೇಲ್ಮನವಿ ಬೇಕೇ ಬೇಡವೇ ಎಂದು ಆ ಪ್ರಕರಣ ನಡೆಸಿದ ಅಭಿಯೋಜಕರ ಅಭಿಪ್ರಾಯವನ್ನೂ, ಪ್ರಕರಣಕ್ಕೆ ಸಂಬಂಧಪಡದ ಇನ್ನೊಬ್ಬ ಅಭಿಯೋಜಕರ ಅಭಿಪ್ರಾಯವನ್ನೂ ಬೇರೆ ಬೇರೆಯಾಗಿ, ಒಬ್ಬರದನ್ನು ಇನ್ನೊಬ್ಬರಿಗೆ ತೋರಿಸದೆ ಪಡೆದು, ಎರಡನ್ನೂ ಸಂವಿಧಾನ ಪೀಠದ ಆ ತೀರ್ಪಿನೊಂದಿಗೆ ನಿಮ್ಮ ಟಿಪ್ಪಣಿಗೆ ಲಗತ್ತಿಸಿ ಕಳುಹಿಸಿ.